ನೋಡಿದ್ದೇನು, ಹೇಳುವುದೇನು?

ಚಿತ್ರಮಂದಿರದಿಂದ ಹೊರಬಂದವನಿಗೆ ಮೊದಲು ಎದುರಾಗುವ ಪ್ರಶ್ನೆ “ಹೇಗಿತ್ತು?” ಎಂಬುದು. “ಏನಿತ್ತು?” ಎಂದು ಕೇಳುವವರು ವಿರಳ. ಉತ್ತರವೂ ಸಿದ್ಧವಾಗಿಯೇ ಇರುತ್ತದೆ: ಚೆನ್ನಾಗಿತ್ತು, ಪರವಾಗಿಲ್ಲ, ದುಡ್ಡು ದಂಡ, ಇಲ್ಲವೆ ಹತ್ತಕ್ಕೆ ಏಳು, ಐದಕ್ಕೆ ಮೂರು ನಕ್ಷತ್ರ. ಮೊದಲರ್ಧ ಸೊಗಸು, ಎರಡನೆಯರ್ಧ ಎಳೆತ ಎಂಬ ಮಾತಂತೂ ನಮ್ಮಲ್ಲಿ ಯಾವ ಚಿತ್ರಕ್ಕಾದರೂ ಸಲ್ಲುತ್ತದೆ.

ರಸಾಯನಶಾಸ್ತ್ರದ ಪ್ರಯೋಗಶಾಲೆಯಲ್ಲಿ ಲವಣವೊಂದನ್ನು ಪರೀಕ್ಷಿಸುವ ವಿದ್ಯಾರ್ಥಿ ತನ್ನ ಪುಸ್ತಕದಲ್ಲಿ ಮೂರು ಅಂಕಣಗಳನ್ನು ಎಳೆದುಕೊಳ್ಳುತ್ತಾನೆ: ಪ್ರಯೋಗ, ವೀಕ್ಷಣೆ, ನಿರ್ಣಯ. ಸಿಲ್ವರ್ ನೈಟ್ರೇಟ್ ದ್ರಾವಣವನ್ನು ಹಾಕಿದಾಗ ಮೊಸರಿನಂಥ ಬಿಳಿಯ ಪ್ರಕ್ಷೇಪ ಕಾಣಿಸಿತೆಂಬುದು ವೀಕ್ಷಣೆ. ಲವಣದಲ್ಲಿ ಕ್ಲೋರೈಡ್ ಇದೆಯೆಂಬುದು ನಿರ್ಣಯ. ನಡುವಣ ಅಂಕಣವನ್ನು ಬರಿದಾಗಿ ಬಿಟ್ಟು ಕೊನೆಯದನ್ನು ತುಂಬಿದರೆ, ಪಕ್ಕದವನ ಪುಸ್ತಕವನ್ನು ನೋಡಿ ಬರೆದೆಯಾ ಎಂದು ಅಧ್ಯಾಪಕರು ಕೇಳದಿರುವುದಿಲ್ಲ. ಚಲಚ್ಚಿತ್ರದ ವಿಷಯದಲ್ಲಾದರೋ ಆ ನಡುವಣ ಅಂಕಣವನ್ನು ಬಿಟ್ಟುಬಿಡುವುದೇ ನಮ್ಮ ರೂಢಿಯಾಗಿದೆ. ಈ ರೂಢಿಯಿಂದ ನಮಗಾಗುತ್ತಿರುವ ನಷ್ಟ ನಾವು ತಿಳಿದಿರುವುದಕ್ಕಿಂತ ದೊಡ್ಡದೆಂದು ನನ್ನ ಅಭಿಪ್ರಾಯ.

ಕಂಡದ್ದನ್ನು ಕಂಡಂತೆ ಹೇಳುವುದು ಸುಲಭವೆಂದು ಯಾರೂ ಭಾವಿಸಬೇಕಾಗಿಲ್ಲ. ಫ್ರಿಟ್ಸ್ ಹೈಡರ್ ಮತ್ತು ಮೇರಿಯಾನ್ ಸಿಮೆಲ್ ಎಂಬ ಇಬ್ಬರು ಮನೋವಿಜ್ಞಾನಿಗಳು 1944ರಲ್ಲಿ ಅಮೆರಿಕದಲ್ಲಿ ಪ್ರಕಟಿಸಿದ ಪ್ರಯೋಗವೊಂದು ಈ ಮಾತಿಗೆ ಸೊಗಸಾದ ನಿದರ್ಶನ. ಅವರು ತಯಾರಿಸಿದ ಚಿತ್ರ ಎರಡೂವರೆ ನಿಮಿಷದಷ್ಟು ಚಿಕ್ಕದು. ಅದರಲ್ಲಿ ನಟರಿಲ್ಲ, ಮಾತಿಲ್ಲ. ಒಂದು ದೊಡ್ಡ ತ್ರಿಕೋನ, ಒಂದು ಚಿಕ್ಕ ತ್ರಿಕೋನ, ಒಂದು ಚಿಕ್ಕ ವೃತ್ತ, ಬಾಗಿಲಿನಂತೆ ತೆರೆದು ಮುಚ್ಚುವ ಭಾಗವುಳ್ಳ ಒಂದು ಆಯತ, ಇಷ್ಟೇ ಪಾತ್ರವರ್ಗ. ತೆರೆಯ ಮೇಲೆ ಈ ಆಕೃತಿಗಳು ಅತ್ತಿತ್ತ ಚಲಿಸುತ್ತವೆ. ಚಿತ್ರದಲ್ಲಿ ಏನಾಯಿತೆಂಬುದನ್ನು ಬರೆಯಿರಿ ಎಂದು 34 ಮಂದಿಯನ್ನು ಕೇಳಲಾಯಿತು. ತ್ರಿಕೋನ, ವೃತ್ತಗಳ ಚಲನೆಯನ್ನು ಹೆಚ್ಚು ಕಡಿಮೆ ರೇಖಾಗಣಿತದ ಮಾತಿನಲ್ಲೇ ಬರೆದವರು ಒಬ್ಬರು ಮಾತ್ರ! ಇಬ್ಬರ ಕಣ್ಣಿಗೆ ಅವು ಹಕ್ಕಿಗಳಾಗಿದ್ದುವು. ಮಿಕ್ಕವರಲ್ಲಿ ಬಹುಮಂದಿ ಮನುಷ್ಯರ ಕಥೆಯನ್ನೇ ಬರೆದರು. ಮತ್ತೊಂದು ಗುಂಪಿನವರನ್ನು ಈ ಪಾತ್ರಗಳ ಸ್ವಭಾವವೇನೆಂದು ಕೇಳಿದಾಗ, ದೊಡ್ಡ ತ್ರಿಕೋನ ಜಗಳಗಂಟನೆಂದು ಬಹುತೇಕ ಎಲ್ಲರೂ ಒಪ್ಪಿದರು.

ಇದು ಪ್ರೇಕ್ಷಕರ ದೋಷವಲ್ಲ. ಈ ಶಕ್ತಿ ನಮ್ಮಲ್ಲಿ ಇಲ್ಲದಿದ್ದರೆ ಬೆಳಕು ನೆರಳುಗಳ ಓಡಾಟವನ್ನು ನೋಡಿ ಕಣ್ಣೀರಿಡುತ್ತಿದ್ದವರಾರು? ಆದರೆ “ದೊಡ್ಡದು ಚಿಕ್ಕದನ್ನು ಮತ್ತೆ ಮತ್ತೆ ತಾಗಿತು” ಎಂಬುದಕ್ಕೂ “ದೊಡ್ಡದು ಜಗಳಗಂಟ” ಎಂಬುದಕ್ಕೂ ಇರುವ ಅಂತರ ನಮ್ಮ ಗಮನಕ್ಕೆ ಬರದಷ್ಟು ಬೇಗ ಮನಸ್ಸು ಮೊದಲನೆಯದರಿಂದ ಎರಡನೆಯದಕ್ಕೆ ಜಿಗಿಯುತ್ತದೆ. ತ್ರಿಕೋನದ ವಿಷಯದಲ್ಲೇ ಹೀಗಾದರೆ, ಹೆಸರೂ ಕೀರ್ತಿಯೂ ಉಳ್ಳ ನಟನೊಬ್ಬ ತೆರೆಯ ಮೇಲೆ ಬಂದಾಗ ಹೇಳುವುದೇನಿದೆ?

ಜಿಗಿತದ ದಿಕ್ಕನ್ನು ನಮ್ಮ ಪಕ್ಷಪಾತ ಗೊತ್ತುಮಾಡುತ್ತದೆ. 1951ರ ನವೆಂಬರಿನಲ್ಲಿ ಅಮೆರಿಕದ ಪ್ರಿನ್ಸ್‌ಟನ್ ಮತ್ತು ಡಾರ್ಟ್‌ಮತ್ ವಿದ್ಯಾಸಂಸ್ಥೆಗಳ ನಡುವೆ ಅಲ್ಲಿನ ಮಾದರಿಯ ಫುಟ್‌ಬಾಲ್ ಪಂದ್ಯವೊಂದು ನಡೆಯಿತು. ಆಟ ಒರಟಾಗಿ, ಒಬ್ಬನ ಮೂಗೂ ಮತ್ತೊಬ್ಬನ ಕಾಲೂ ಮುರಿದುವು. ತಪ್ಪು ಯಾರದೆಂದು ಎರಡು ಕಡೆಯವರಿಗೂ ವಾಗ್ವಾದ. ಹ್ಯಾಸ್ಟಾರ್ಫ್ ಮತ್ತು ಕ್ಯಾಂಟ್ರಿಲ್ ಎಂಬ ಸಂಶೋಧಕರು ಪಂದ್ಯದ ಚಿತ್ರವನ್ನು ಎರಡೂ ಕಡೆಯ ವಿದ್ಯಾರ್ಥಿಗಳಿಗೆ ತೋರಿಸಿ, ಕಂಡ ತಪ್ಪುಗಳನ್ನು ಗುರುತುಹಾಕಲು ಹೇಳಿದರು. ಫಲಿತಾಂಶವನ್ನು 1954ರಲ್ಲಿ ಪ್ರಕಟಿಸಿದರು. ಡಾರ್ಟ್‌ಮತ್ ತಂಡ ಮಾಡಿದ ತಪ್ಪುಗಳು ಡಾರ್ಟ್‌ಮತ್ ವಿದ್ಯಾರ್ಥಿಗಳ ಲೆಕ್ಕದಲ್ಲಿ ಸರಾಸರಿ 4.3, ಪ್ರಿನ್ಸ್‌ಟನ್ನಿನವರ ಲೆಕ್ಕದಲ್ಲಿ 9.8! ನೋಡಿದ್ದು ಒಂದೇ ಚಿತ್ರ. ಯಾರೂ ಬೇಕೆಂದು ಸುಳ್ಳು ಹೇಳಿದರೆಂದು ತಿಳಿಯಲು ಕಾರಣವಿಲ್ಲ. ಕಟೌಟಿಗೆ ಹಾಲೆರೆದು ಒಳಹೊಕ್ಕ ಅಭಿಮಾನಿಯೂ ಪ್ರತಿಸ್ಪರ್ಧಿ ನಟನ ಅಭಿಮಾನಿಯೂ ಒಂದೇ ಸಾಲಿನಲ್ಲಿ ಕುಳಿತು ಎರಡು ಚಿತ್ರಗಳನ್ನು ನೋಡಿ ಬರುವರೆಂದರೆ ಅತಿಶಯೋಕ್ತಿಯಾಗಲಾರದು.

ನೋಡುವಾಗಿನ ಮಾತು ಇದಾಯಿತು. ನೋಡಿದ ಮೇಲೆ ಕಿವಿಗೆ ಬೀಳುವ ಮಾತಿನ ಪ್ರಭಾವ ಇನ್ನೂ ವಿಚಿತ್ರವಾದುದು. ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ ಅವರ 1974ರ ಪ್ರಯೋಗದಲ್ಲಿ, ಕಾರುಗಳ ಅಪಘಾತದ ಚಿತ್ರಗಳನ್ನು ನೋಡಿದ ವಿದ್ಯಾರ್ಥಿಗಳಿಗೆ ಕಾರುಗಳ ವೇಗವೆಷ್ಟಿತ್ತೆಂಬ ಪ್ರಶ್ನೆಯನ್ನು ಹಾಕಲಾಯಿತು. ಪ್ರಶ್ನೆಯಲ್ಲಿನ ಕ್ರಿಯಾಪದ ಮಾತ್ರ ಬೇರೆ ಬೇರೆ. “ಅಪ್ಪಳಿಸಿದಾಗ” ಎಂಬರ್ಥದ ಮಾತು ಕೇಳಿದವರ ಅಂದಾಜು ಗಂಟೆಗೆ ಸರಾಸರಿ 40 ಮೈಲಿಗಿಂತ ತುಸು ಹೆಚ್ಚು, “ತಾಗಿದಾಗ” ಎಂಬರ್ಥದ್ದನ್ನು ಕೇಳಿದವರದು 31.8 ಮೈಲಿ. ಮುಂದಿನ ಪ್ರಯೋಗದಲ್ಲಿ, ಒಂದು ವಾರ ಬಿಟ್ಟು ಒಡೆದ ಗಾಜನ್ನು ಕಂಡಿರಾ ಎಂದು ಕೇಳಿದರು. ಚಿತ್ರದಲ್ಲಿ ಒಡೆದ ಗಾಜು ಇರಲೇ ಇಲ್ಲ. ಆದರೂ “ಅಪ್ಪಳಿಸಿದಾಗ” ಎಂದು ಕೇಳಿಸಿಕೊಂಡಿದ್ದ 50 ಮಂದಿಯಲ್ಲಿ 16 ಮಂದಿ ಕಂಡೆವೆಂದರು. ಸಾಧಾರಣವಾದ “ಹೊಡೆದಾಗ” ಎಂಬುದನ್ನು ಕೇಳಿದ್ದ 50ರಲ್ಲಿ ಹಾಗೆಂದವರು 7 ಮಂದಿ.

ಒಂದು ಕ್ರಿಯಾಪದಕ್ಕೆ ಇಷ್ಟು ಬಲವಿರುವಲ್ಲಿ, ಮಂದಿರದ ಮೆಟ್ಟಿಲಿಳಿಯುವ ಮೊದಲೇ ಫೋನಿನಲ್ಲಿ ನಾಲ್ಕಾರು ಜನರ ತೀರ್ಪುಗಳನ್ನು ಓದುವ ವಿದ್ಯಾರ್ಥಿಯ ನೆನಪಿನಲ್ಲಿ ಅವನದೆಷ್ಟು, ಇತರರದೆಷ್ಟು? ಪಕ್ಕದವನ ಪುಸ್ತಕವನ್ನು ನೋಡಿ ಬರೆದವನಿಗೆ ತಾನು ನಕಲು ಮಾಡಿದ್ದೇನೆಂಬುದಾದರೂ ತಿಳಿದಿರುತ್ತದೆ. ಇಲ್ಲಿ ಅದೂ ಇಲ್ಲ.

ಅಂಕಿಗಳ ವಿಷಯವನ್ನು ಬಹಳ ಬೆಳೆಸಬೇಕಾಗಿಲ್ಲ. ಅರ್ಧ ಜನ ಹತ್ತು, ಅರ್ಧ ಜನ ಸೊನ್ನೆ ಕೊಟ್ಟ ಚಿತ್ರಕ್ಕೂ, ಎಲ್ಲರೂ ಆಕಳಿಸುತ್ತ ಐದು ಕೊಟ್ಟ ಚಿತ್ರಕ್ಕೂ ಸರಾಸರಿ ಒಂದೇ. ರಾಟನ್ ಟೊಮೇಟೋಸ್ ಎಂಬ ಪ್ರಸಿದ್ಧ ಜಾಲತಾಣದ ಶೇಕಡಾ ಸಂಖ್ಯೆಯನ್ನು ಅನೇಕರು ಪರೀಕ್ಷೆಯ ಅಂಕವೆಂದೇ ತಿಳಿದಿದ್ದಾರೆ. ಅದು ಮೆಚ್ಚಿ ಬರೆದ ವಿಮರ್ಶಕರ ಪ್ರಮಾಣ ಮಾತ್ರ. ಎಲ್ಲ ವಿಮರ್ಶಕರೂ “ಒಮ್ಮೆ ನೋಡಬಹುದು” ಎಂದಷ್ಟೇ ಬರೆದರೂ ಅದು 100 ಆಗಬಲ್ಲದು.

ನಮ್ಮ ಹಿಂದಿನವರು ಇದನ್ನು ಹೆಚ್ಚು ಎಚ್ಚರದಿಂದ ನೋಡಿದ್ದರೆಂಬುದನ್ನು ಇಲ್ಲಿ ಹೇಳದಿರಲಾರೆ. ಭರತನ ನಾಟ್ಯಶಾಸ್ತ್ರದ 27ನೆಯ ಅಧ್ಯಾಯದಲ್ಲಿ ಪ್ರಯೋಗದ ಸಿದ್ಧಿಯ, ಎಂದರೆ ಯಶಸ್ಸಿನ, ಲಕ್ಷಣಗಳಿವೆ. ಮುಗುಳುನಗೆ, ಅರೆನಗೆ, ದೊಡ್ಡ ನಗು, “ಸಾಧು” “ಅಹೋ” “ಕಷ್ಟಂ” ಎಂಬ ಉದ್ಗಾರಗಳು, ರೋಮಾಂಚ, ಕುಳಿತಲ್ಲಿಂದ ಏಳುವುದು, ವಸ್ತ್ರವನ್ನು ಕೊಡುವುದು, ಇವೆಲ್ಲ ಕಣ್ಣಿಗೆ ಕಾಣುವ, ಕಿವಿಗೆ ಕೇಳುವ ಸಂಗತಿಗಳು. ಶುದ್ಧ ವೀಕ್ಷಣೆಯ ಅಂಕಣವೆನ್ನಬಹುದು! ತರುಣರಿಗೆ ಒಂದು ರುಚಿಸಿದರೆ ವೃದ್ಧರಿಗೆ ಮತ್ತೊಂದು ರುಚಿಸುತ್ತದೆಂಬುದನ್ನೂ ಅಲ್ಲಿ ಒಪ್ಪಿಕೊಂಡಿದೆ. ವಿವಾದ ಹುಟ್ಟಿದಾಗ ತೀರ್ಪು ಕೊಡುವ ಪ್ರಾಶ್ನಿಕರು ಒಬ್ಬಿಬ್ಬರಲ್ಲ: ಬಿಲ್ವಿದ್ಯೆ ಬಲ್ಲವನು ನಿಲುವಿನ ಸೌಷ್ಠವವನ್ನೂ, ಶಬ್ದಶಾಸ್ತ್ರಜ್ಞ ಪಾಠ್ಯವನ್ನೂ, ರಾಜ ರಾಜೋಚಿತವಾದ ನಡವಳಿಕೆಯನ್ನೂ ನೋಡಬೇಕು. ತನಗೆ ತಿಳಿದ ಅಂಶದ ಬಗ್ಗೆ ಮಾತ್ರ ಒಬ್ಬೊಬ್ಬನ ಮಾತಿಗೆ ಬೆಲೆ. ಇಡೀ ನಾಟಕಕ್ಕೆ ಹತ್ತಕ್ಕೆ ಏಳು ಎಂದು ಕೂಗುವ ಅಧಿಕಾರ ಅಲ್ಲಿ ಯಾರಿಗೂ ಇಲ್ಲ.

ಮನರಂಜನೆಗೆಂದು ಹೋದವನಿಗೆ ಪ್ರಯೋಗಶಾಲೆಯ ಕಟ್ಟುಪಾಡು ಏಕೆ ಎಂದು ವಾಚಕರು ಕೇಳಬಹುದು. ನೋಡುವಾಗ ಯಾವ ಕಟ್ಟುಪಾಡೂ ಬೇಡ. ನಗಲಿ, ಅಳಲಿ, ಸೀಟಿ ಹೊಡೆಯಲಿ. ಹೊರಬಂದ ಮೇಲೆ, ಯಾರೊಡನೆಯೂ ಮಾತನಾಡುವ ಮುನ್ನ, ಹತ್ತು ನಿಮಿಷ ಒಂದು ಹಾಳೆಯೊಡನೆ ಕುಳಿತರೆ ಸಾಕು. ತಡಮಾಡಬಾರದು. ಒಟ್ಟು ಅನುಭವದ ಬೆಲೆ ಕಟ್ಟುವಾಗ ಮನಸ್ಸು ಅತ್ಯಂತ ತೀವ್ರವಾದ ಗಳಿಗೆಗೂ ಕೊನೆಯ ಗಳಿಗೆಗೂ ಹೆಚ್ಚು ಮಣೆ ಹಾಕುತ್ತದೆಂದು, ಅನುಭವದ ಅವಧಿಯನ್ನು ಅಷ್ಟಾಗಿ ಲೆಕ್ಕಿಸುವುದಿಲ್ಲವೆಂದು ಫ್ರೆಡ್ರಿಕ್ಸನ್ ಮತ್ತು ಕಾನೆಮನ್ 1993ರಲ್ಲಿ ಚಿತ್ರಗಳ ತುಣುಕುಗಳಿಂದಲೇ ತೋರಿಸಿಕೊಟ್ಟಿದ್ದಾರೆ. ನಡುವೆ ಮೆಲ್ಲಗೆ ಸಾಗಿದ ಒಳ್ಳೆಯ ದೃಶ್ಯಗಳು ತೀರ್ಪಿನಲ್ಲಿ ಸದ್ದಿಲ್ಲದೆ ಬಿಟ್ಟುಹೋಗುವುದು ಹೀಗೆಯೇ.

ಹಾಳೆಯಲ್ಲಿ ಕಥೆ ಬೇಡ. ಅದನ್ನು ಹೇಳಲು ಬೇರೆ ಜನರಿದ್ದಾರೆ. ತಾಯಿ ಅತ್ತಾಗ ಆಕೆಯ ಮುಖ ಕಂಡಿತೋ ಬೆನ್ನು ಕಂಡಿತೋ, ಸಂಗೀತ ಎಲ್ಲಿ ನಿಂತಿತು, ಮಂದಿರವೆಲ್ಲ ನಕ್ಕಾಗ ನಮಗೂ ನಗು ಬಂದಿತೋ ಇಲ್ಲವೋ, ಪಕ್ಕದವನು ಫೋನನ್ನು ಹೊರತೆಗೆದದ್ದು ಯಾವ ದೃಶ್ಯದಲ್ಲಿ, ಇಂಥವನ್ನು ಬರೆಯಬೇಕು. ಬಳಿಕ ಹತ್ತಕ್ಕೆ ಎಷ್ಟಾದರೂ ಕೊಡಲಿ. ಕಾಲೇಜುಗಳ ಚಿತ್ರಸಂಘಗಳಲ್ಲಿ ಭಿನ್ನಾಭಿಪ್ರಾಯವುಳ್ಳ ಇಬ್ಬರು ವಾದಕ್ಕೆ ಇಳಿಯುವ ಮುನ್ನ ಹಾಳೆಗಳನ್ನು ಅದಲುಬದಲು ಮಾಡಿಕೊಂಡು ಓದುವ ಪದ್ಧತಿ ಬಂದರೆ ಒಳ್ಳೆಯದು. ಒಬ್ಬನ ಹಾಳೆಯಲ್ಲಿರುವ ದೃಶ್ಯ ಮತ್ತೊಬ್ಬನದರಲ್ಲಿ ಇಲ್ಲವೇ ಇಲ್ಲ ಎಂಬುದು ಆಗ ಹೊರಬೀಳುತ್ತದೆ; ಅವನು ಎರಡನೆಯ ಸಲ ಟಿಕೆಟು ಕೊಳ್ಳಬೇಕಾಗಿ ಬಂದರೂ ಬರಬಹುದು.