ಸೂಜಿಯ ಹಂಗಿಲ್ಲದ ಉಪಶಮನ

ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಗಳ ಹೊಗೆಸೊಪ್ಪಿನ ಹೊಲಗಳಲ್ಲಿ ಮೊದಲು ಮುರಿಯತಕ್ಕದ್ದು ಬುಡದ ಎಲೆಯಾದ್ದರಿಂದ, ಕೂಲಿಗೆ ಬಂದ ಹೆಂಗಸು ನಡುವನ್ನು ನೆಲಕ್ಕೆ ಬಾಗಿಸಿಯೇ ಸಾಲು ಮುಗಿಸಬೇಕು. ಬಳಿಕ ಎಲೆ ಒಣಗಿಸುವ ಬ್ಯಾರನ್ನಿನ ಮುಂದೆ ಕುಳಿತು ಕಡ್ಡಿಗೆ ಸೊಪ್ಪು ಕಟ್ಟಬೇಕು. ಕೃಷ್ಣರಾಜನಗರದ ಗದ್ದೆಗಳಲ್ಲಿ ನಾಟಿ ಮಾಡುವವರ ಪಾಡೂ ಇದೇ. ಇವರ ಸೊಂಟನೋವಿಗೆ ಅಕ್ಯುಪಂಕ್ಚರ್ ಮಾಡಿಸಿರೆಂದು ಸಲಹೆಯೀಯುವವರು, ಆ ಸೂಜಿ ನಿಜಕ್ಕೂ ಅವಶ್ಯವೇ ಎಂಬುದನ್ನು ಮೊದಲು ವಿಚಾರಿಸಬೇಕು.

2009ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ಬಹುಕಾಲದ ಸೊಂಟನೋವಿನಿಂದ ಬಳಲುತ್ತಿದ್ದ 638 ಮಂದಿಯ ಪೈಕಿ ಕೆಲವರಿಗೆ ಸೂಜಿ ಚುಚ್ಚಿ, ಕೆಲವರಿಗೆ ಕೊಳವೆಯೊಳಗಿಂದ ಹಲ್ಲುಕಡ್ಡಿಯನ್ನು ಚರ್ಮಕ್ಕೆ ತಾಗಿಸಿ ಮಾತ್ರ ಬಿಟ್ಟರು. ಎಂಟು ವಾರಗಳ ತರುವಾಯ ಈ ಎರಡು ಬಗೆಯವರಲ್ಲಿಯೂ ನೂರಕ್ಕೆ ಸುಮಾರು 60 ಮಂದಿಯ ಓಡಾಟ ಗಮನಾರ್ಹವಾಗಿ ಸುಗಮವಾಗಿತ್ತು, ವಾಡಿಕೆಯ ಚಿಕಿತ್ಸೆಯನ್ನಷ್ಟೇ ಪಡೆದವರಲ್ಲಿ 39 ಮಂದಿಯದು. ಸ್ಪರ್ಶ, ವಿಶ್ರಾಂತಿ, ರೋಗಿಯ ಮಾತಿಗೆ ಕಿವಿಗೊಡುವ ವ್ಯವಧಾನ, ಇವುಗಳ ಕೂಟವೇ ಹಿತವನ್ನುಂಟುಮಾಡಿತೆಂದು ನನ್ನ ನಂಬಿಕೆ.

ಸೂಜಿಯಿಲ್ಲದ ಇಂಥ ಉಪಚಾರದ ನಿದರ್ಶನಕ್ಕೆ ದೂರ ಹೋಗಬೇಕಾಗಿಲ್ಲ. 1960ರ ದಶಕದಿಂದ ಬೈಲಕುಪ್ಪೆಯಲ್ಲಿ ನೆಲೆಸಿರುವ ಟಿಬೆಟನ್ನರ ವೈದ್ಯಪದ್ಧತಿಯಾದ ಸೋವಾ ರಿಗ್ಪಾವನ್ನು 2010ರಲ್ಲಿ ಭಾರತ ಸರ್ಕಾರ ಮಾನ್ಯ ಮಾಡಿತು. ಅದರಲ್ಲಿ ಹೊರ್ಮೆ ಎಂಬ ಉಪಚಾರವುಂಟು. ಜಾಯಿಕಾಯಿ ಮತ್ತು ಶಾಹಿಜೀರಿಗೆಯ ಪುಡಿಯನ್ನು ಬಟ್ಟೆಯಲ್ಲಿ ಗಂಟುಕಟ್ಟಿ, ಬಿಸಿ ಎಣ್ಣೆಯಲ್ಲದ್ದಿ, ತಾಳುವಷ್ಟು ಆರಿದ ಮೇಲೆ ದೇಹದ ನಿಯತ ಸ್ಥಾನಗಳ ಮೇಲಿರಿಸುತ್ತಾರೆ. ಬಾಣಂತಿಯ ಸೊಂಟಕ್ಕೆ ಉಪ್ಪಿನ ಗಂಟಿನ ಶಾಖ ಕೊಟ್ಟು ಬಲ್ಲ ನಮ್ಮ ಅಜ್ಜಿಯರಿಗೆ ಇದೇನೂ ಅಪರಿಚಿತವೆನಿಸಲಾರದು.

ಒತ್ತುವ, ನೀವುವ, ಶಾಖ ಕೊಡುವ ಇಂಥ ಕ್ರಮಗಳನ್ನು ಆಯುಷ್ ವೈದ್ಯರ ಮೇಲ್ವಿಚಾರಣೆಯಲ್ಲಿ ಆಶಾ ಕಾರ್ಯಕರ್ತೆಯರಿಗೆ ಕಲಿಸಿದರೆ, ರಕ್ತದ ಮೂಲಕ ಹರಡುವ ಸೋಂಕಿನ ಭಯವಿಲ್ಲದೆ, ದುಡಿದು ದಣಿದ ದೇಹಕ್ಕೆ ಊರಿನಲ್ಲಿಯೇ ಸಾಂತ್ವನ ದೊರೆತೀತು.

ಆದರೂ ಒಂದು ಎಚ್ಚರಿಕೆ ಅಗತ್ಯ. ಮಣಿಕಟ್ಟಿನ ಗೆರೆಯಿಂದ ಮೂರು ಬೆರಳು ಮೇಲೆ, ಎರಡು ಸ್ನಾಯುರಜ್ಜುಗಳ ನಡುವಣ ಬಿಂದುವನ್ನು ಒತ್ತಿದರೆ ಶಸ್ತ್ರಚಿಕಿತ್ಸೆಯ ಅನಂತರದ ವಾಕರಿಕೆ ತಗ್ಗುವುದೆಂಬುದಕ್ಕೆ ಆಧಾರವಿದೆ. ಆದರೆ ಮಳೆಗೆ ತೊಯ್ದ ಸೊಪ್ಪು ಮುರಿಯುವಾಗ ಬರುವ ವಾಕರಿಕೆಯು ಚರ್ಮದ ಮೂಲಕ ಒಳಸೇರಿದ ನಿಕೋಟಿನ್ನಿನದು. ಅಂಥ ವಾಕರಿಕೆ ಬಂದವಳ ಮಣಿಕಟ್ಟನ್ನು ಒತ್ತಿ ಮತ್ತೆ ಸಾಲಿಗೆ ನಿಲ್ಲಿಸುವುದು ಅಪರಾಧ. ಆಕೆಯನ್ನು ಹೊಲದಿಂದ ಹೊರಗೆ ಕರೆತಂದು, ಬಟ್ಟೆ ಬದಲಿಸಿ, ಸೋಪು ಹಚ್ಚಿ ಮೈಕೈ ತೊಳೆಸಿ, ವೈದ್ಯರಲ್ಲಿಗೆ ಕರೆದೊಯ್ಯಬೇಕು. ಕೈಗವಸನ್ನು ಹೊಲದ ಒಡೆಯನೇ ಒದಗಿಸಬೇಕು.