ಸಂದರ್ಶನದಲ್ಲಿ ಶೀಲದ ಸಾಕ್ಷ್ಯ

ವಿದ್ಯೆಯನ್ನು ಅಂಕಪಟ್ಟಿ ಹೇಳಬಲ್ಲದು, ಶೀಲವನ್ನು ಹೇಳಲಾರದು. ಆ ಕೊರತೆಯನ್ನು ತುಂಬಲೆಂದೇ ಸಂದರ್ಶನವಿರುವುದು. ಕೇಂದ್ರ ಲೋಕಸೇವಾ ಆಯೋಗದ ನಾಗರಿಕ ಸೇವಾ ಪರೀಕ್ಷೆಯಲ್ಲಿ ಲಿಖಿತ ಭಾಗಕ್ಕೆ 1750 ಅಂಕಗಳು, ವ್ಯಕ್ತಿತ್ವ ಪರೀಕ್ಷೆಗೆ 275. ಅಲ್ಲಿ ತೂಗುವುದು ಮತ್ತಷ್ಟು ಪಾಂಡಿತ್ಯವನ್ನಲ್ಲ. ವಿವೇಚನೆಯ ಸಮತೋಲನವನ್ನು, ತರ್ಕಬದ್ಧ ನಿರೂಪಣೆಯನ್ನು, ಪ್ರಾಮಾಣಿಕತೆಯನ್ನು.

ಇದನ್ನರಿಯದ ಅಭ್ಯರ್ಥಿಯು 'ನಾನು ಪ್ರಾಮಾಣಿಕ, ಪರಿಶ್ರಮಿ' ಎಂದು ಕಂಠಪಾಠವನ್ನೊಪ್ಪಿಸುತ್ತಾನೆ. ಗುಣವು ಸಿದ್ಧಿಸುವುದು ವಿಶೇಷಣದಿಂದಲ್ಲ, ಕ್ರಿಯಾಪದದಿಂದ. ವಿದ್ಯಾರ್ಥಿನಿಲಯದ ಉಗ್ರಾಣದ ಲೆಕ್ಕ ಬರೆದವನು, ತನ್ನ ತಪ್ಪನ್ನು ತಾನೇ ಒಪ್ಪಿ ತಿದ್ದಿದ ಸಂಗತಿಯನ್ನು ನಾಲ್ಕು ವಾಕ್ಯಗಳಲ್ಲಿ ಹೇಳಿದರೆ ಸಾಕು. ಪ್ರಾಮಾಣಿಕತೆಯೆಂಬ ಶಬ್ದವೇ ಬೇಡ. ತಿಳಿಯದ ಪ್ರಶ್ನೆಗೆ 'ತಿಳಿಯದು' ಎಂದು ಅಳುಕಿಲ್ಲದೆ ನುಡಿಯುವುದೂ ಉತ್ತರವೇ.

ಆದರೆ ಅಲ್ಪಕಾಲದ ಮಾತುಕತೆಯಲ್ಲಿ ಶೀಲವನ್ನಳೆಯುವುದು ಪಕ್ಷಪಾತಕ್ಕೂ ಎಡೆಗೊಡಬಲ್ಲದು. ಕೇಂದ್ರ ಸರ್ಕಾರವು 2016ರ ಜನವರಿ 1ರಿಂದ ಕೆಳದರ್ಜೆಯ ಹುದ್ದೆಗಳಿಗೆ ಸಂದರ್ಶನವನ್ನೇ ಕೈಬಿಟ್ಟಿತು. ಉಳಿದೆಡೆ ಹಳ್ಳಿಯ ಹುಡುಗನು ತಡವರಿಸಿದರೆ ಅದು ಗುಣದ ಕೊರತೆಯಲ್ಲ, ಅಭ್ಯಾಸದ ಕೊರತೆ. ಆ ಅಭ್ಯಾಸವನ್ನು ಕೊಡಬೇಕಾದುದು ಶಾಲೆ. ಮಕ್ಕಳಿಗೆ ನಿಜವಾದ ಹೊಣೆಗಳನ್ನು ವಹಿಸಬೇಕು. ಮಾಡಿದುದನ್ನು ಸಭೆಯಲ್ಲಿ ಹೇಳಿಸಬೇಕು. ಮಾಡಿದವನಿಗಲ್ಲವೆ ಹೇಳುವುದಕ್ಕೊಂದು ಮಾತಿರುವುದು!