ಲೋಹದ ರೆಕ್ಕೆಗಳ ಜೀರ್ಣೋದ್ಧಾರ ಮತ್ತು ಶ್ರಾವಕ ಸಮಾಜ

2025ರ ಸೆಪ್ಟೆಂಬರ್ 26ರಂದು ಚಂಡೀಗಢದಲ್ಲಿ ಮಿಗ್-21 ಯುದ್ಧವಿಮಾನವು ಭಾರತೀಯ ವಾಯುಸೇನೆಯಿಂದ ನಿವೃತ್ತಿ ಹೊಂದಿತು. 1963ರಿಂದ ಆರು ದಶಕಗಳಿಗೂ ಮೀರಿ ಹಾರಿದ ಯಂತ್ರವದು. ಇಂತಹ ವಿಮಾನಗಳು ಸೇವೆಯಿಂದ ಇಳಿದಾಗಲೆಲ್ಲ ಅವುಗಳಲ್ಲೊಂದನ್ನು ತಂದು ಊರ ವೃತ್ತದಲ್ಲಿಯೋ ಶಾಲೆಯ ಅಂಗಳದಲ್ಲಿಯೋ ಕಂಬದ ಮೇಲೆ ನಿಲ್ಲಿಸಬೇಕೆಂಬ ಬಯಕೆ ನಾಡಿನ ಹಲವೆಡೆ ಮೂಡುವುದು ವಾಡಿಕೆಯಾಗಿದೆ. ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿಗಳಿಗೂ ನಾಳೆ ಆ ಬಯಕೆ ಬಂದರೆ ಅಚ್ಚರಿಪಡಬೇಕಾದುದಿಲ್ಲ. ಆಗ ಚಂದಾ ಪಟ್ಟಿ ಹಿಡಿದವರು ಮೊದಲು ನಿಲ್ಲುವುದು ಅಡತಿ ಅಂಗಡಿಗಳ ಮುಂದೆ, ಬಸದಿಯ ಟ್ರಸ್ಟಿನ ಬಾಗಿಲಲ್ಲಿ. ಅಲ್ಲಿ ದೊರೆಯಬಹುದಾದ ಉತ್ತರಗಳು ಎರಡು. ಕೊಲ್ಲುವ ಯಂತ್ರಕ್ಕೂ ಜಿನಧರ್ಮಕ್ಕೂ ಏನು ಸಂಬಂಧವೆಂದು ಕೆಲವರು ಬಾಗಿಲು ಹಾಕಿಕೊಳ್ಳುತ್ತಾರೆ. ದೇಶದ ಕೆಲಸ, ಇಷ್ಟು ಕೊಟ್ಟು ಕಳುಹಿಸಿ, ಕಲ್ಲಿನ ಮೇಲೆ ಹೆಸರು ಮಾತ್ರ ತಪ್ಪದೆ ಹಾಕಿಸಿ ಎಂದು ಉಳಿದವರು ಹೇಳುತ್ತಾರೆ. ಮೊದಲನೆಯದು ಸಮಾಜದ ಸ್ವಂತ ಚರಿತ್ರೆಯನ್ನು ಅರಿಯದವರ ಉತ್ತರ. ಎರಡನೆಯದು ವಿಚಾರ ಮಾಡಲು ಬೇಸರಪಟ್ಟವರ ಉತ್ತರ.

ಸಂಬಂಧವೇನೆಂದು ಕೇಳುವವರು ವಾಲಚಂದ ಹೀರಾಚಂದರ ಹೆಸರನ್ನು ನೆನೆಯಬೇಕು. 1882ರಲ್ಲಿ ಸೊಲ್ಲಾಪುರದ ದಿಗಂಬರ ಜೈನ ವರ್ತಕ ಮನೆತನದಲ್ಲಿ ಹುಟ್ಟಿದ ಈ ಶ್ರಾವಕರು 1919ರಲ್ಲಿ ಸಿಂಧಿಯಾ ಹಡಗು ಕಂಪನಿಯನ್ನು ಸ್ಥಾಪಿಸಿದವರಲ್ಲಿ ಒಬ್ಬರು. 1939ರಲ್ಲಿ ಶಾಂತಸಾಗರದ ಮೇಲಿನ ವಿಮಾನಯಾನವೊಂದರಲ್ಲಿ ವಿಲಿಯಂ ಪಾಲಿ ಎಂಬ ಅಮೆರಿಕದ ಉದ್ಯಮಿಯ ಪರಿಚಯವಾಗಿ, ಆ ಮಾತುಕತೆಯಿಂದ 1940ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ ಹುಟ್ಟಿತು. ಮೈಸೂರು ಸಂಸ್ಥಾನವು ಸುಮಾರು 700 ಎಕರೆ ಭೂಮಿಯನ್ನೂ ಬಂಡವಾಳದ ಪಾಲನ್ನೂ ನೀಡಿತು. 1941ರಲ್ಲಿ ಅಲ್ಲಿ ಜೋಡಿಸಿದ ಹಾರ್ಲೋ ತರಬೇತಿ ವಿಮಾನ ಹಾರಿತು. 1942ರಲ್ಲಿ ಯುದ್ಧದ ಒತ್ತಡದಲ್ಲಿ ಬ್ರಿಟಿಷ್ ಸರ್ಕಾರ ಕಾರ್ಖಾನೆಯನ್ನು ತನ್ನ ವಶಕ್ಕೆ ತೆಗೆದುಕೊಂಡಿತು. ಇಂದಿನ ಎಚ್‌ಎಎಲ್‌ನ ಮೂಲ ಇದೇ. ಸಮಾಜದ ಕಲ್ಯಾಣಮಂಟಪಗಳ ಗೋಡೆಗಳ ಮೇಲೆ ಫ್ಯಾನು ಕೊಟ್ಟವರ, ಕುರ್ಚಿ ಕೊಟ್ಟವರ ಹೆಸರುಗಳೆಲ್ಲ ಇರುತ್ತವೆ. ಭಾರತಕ್ಕೆ ಹಡಗು, ವಿಮಾನ, ಮೋಟಾರು ಮೂರನ್ನೂ ಕಟ್ಟುವ ಸಾಹಸ ಮಾಡಿದ ಜೈನನ ಹೆಸರನ್ನು ಪಾಠಶಾಲೆಯ ಎಷ್ಟು ಮಕ್ಕಳು ಕೇಳಿದ್ದಾರೆ?

ಆ ಕಾರ್ಖಾನೆ ಮಾಡಿದ ಒಂದು ಕೆಲಸವಂತೂ ಜೀರ್ಣೋದ್ಧಾರವೆಂಬ ಮಾತಿಗೆ ಸಾಕ್ಷಾತ್ ಅರ್ಥವಾಗಿದೆ. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಕಾನಪುರದ ನೆಲೆಯಲ್ಲಿ ಲಿಬರೇಟರ್ ಎಂಬ ನಾಲ್ಕು ಇಂಜಿನುಗಳ ಭಾರಿ ಬಾಂಬರುಗಳನ್ನು ಬ್ರಿಟಿಷರು ಬಿಟ್ಟುಹೋದರು. ಸುಮ್ಮನೆ ಬಿಡಲಿಲ್ಲ, ಮತ್ತೆ ಯಾರೂ ಹಾರಿಸಬಾರದೆಂದು ಬೇಕೆಂದೇ ಜಖಂಗೊಳಿಸಿ, ಇಂಜಿನುಗಳಿಗೆ ಮರಳು ಸುರಿದು ಹೋದರು. 1948ರಲ್ಲಿ ಬೆಂಗಳೂರಿನ ಕೆಲಸಗಾರರು ಆ ರಾಶಿಯ ನಡುವೆ ಕುಳಿತು, ಒಂದರ ಅಂಗವನ್ನು ಇನ್ನೊಂದಕ್ಕೆ ಹೊಂದಿಸಿ, ಹಾರಬಲ್ಲಷ್ಟು ದುರಸ್ತಿ ಮಾಡಿದರು. ಪರೀಕ್ಷಾ ವೈಮಾನಿಕ ಜಮ್‌ಶೆಡ್ ಮುನ್ಶಿಯವರು ಅವುಗಳನ್ನು ಒಂದೊಂದಾಗಿ ಬೆಂಗಳೂರಿಗೆ ಹಾರಿಸಿ ತಂದರು. ಹೀಗೆ ಮರುಜೀವ ಪಡೆದ ಸುಮಾರು 40 ವಿಮಾನಗಳು 1968ರವರೆಗೆ ವಾಯುಸೇನೆಯಲ್ಲಿದ್ದವು. ಇಂದು ಲಂಡನ್ನಿನ ರಾಯಲ್ ಏರ್‌ಫೋರ್ಸ್ ವಸ್ತುಸಂಗ್ರಹಾಲಯದಲ್ಲಿ, ಕೆನಡಾದ ಒಟ್ಟಾವಾದಲ್ಲಿ, ಅಮೆರಿಕದ ಟೂಸಾನ್ ನಗರದ ಪೀಮಾ ಸಂಗ್ರಹಾಲಯದಲ್ಲಿ ನಿಂತಿರುವ ಲಿಬರೇಟರುಗಳು ಭಾರತದಿಂದ ಹೋದವು. ಅವುಗಳನ್ನು ಸಾವಿರಾರು ಸಂಖ್ಯೆಯಲ್ಲಿ ಕಟ್ಟಿದ ದೇಶವೇ ಯುದ್ಧದ ನಂತರ ಕರಗಿಸಿಹಾಕಿತ್ತು. ಕೊನೆಗೆ ತನ್ನ ಚರಿತ್ರೆಯ ಕುರುಹಿಗಾಗಿ ಭಾರತದ ಕಡೆಗೆ ನೋಡಬೇಕಾಯಿತು.

ಇಷ್ಟಾದರೂ ಅಹಿಂಸೆಯ ಪ್ರಶ್ನೆ ಉಳಿಯುತ್ತದೆ, ಮತ್ತು ಅದು ಹಗುರವಾದ ಪ್ರಶ್ನೆಯಲ್ಲ. ಬಾಂಬರು ವಿಮಾನವು ಮನುಷ್ಯರ ಮೇಲೆ ಬೆಂಕಿ ಸುರಿಯಲೆಂದೇ ಹುಟ್ಟಿದ್ದು. ಆದರೆ ಈ ಪ್ರಶ್ನೆಯನ್ನು ಎತ್ತುವವರು ಆಚಾರ್ಯರು ಗೃಹಸ್ಥನಿಗೆ ವಿಧಿಸಿದ ವಿವೇಕವನ್ನು ಮರೆಯಬಾರದು. ಸಂಕಲ್ಪಿ, ಆರಂಭಿ, ಉದ್ಯೋಗಿ, ವಿರೋಧಿ ಎಂದು ಹಿಂಸೆಯನ್ನು ನಾಲ್ಕಾಗಿ ವಿಂಗಡಿಸಿ, ಸಂಕಲ್ಪಪೂರ್ವಕ ಹಿಂಸೆಯನ್ನು ಸಂಪೂರ್ಣ ತ್ಯಜಿಸಬೇಕು, ಉಳಿದವುಗಳನ್ನು ಯತ್ನಾಚಾರದಿಂದ ಮಿತಗೊಳಿಸಬೇಕು ಎಂದರು. ಶ್ರವಣಬೆಳಗೊಳದಲ್ಲಿ ಗೊಮ್ಮಟೇಶ್ವರನನ್ನು ನಿಲ್ಲಿಸಿದ ಚಾವುಂಡರಾಯ ಗಂಗರ ದಂಡನಾಯಕ. ಆದಿಪುರಾಣವನ್ನು ಬರೆದ ಪಂಪ ಅರಿಕೇಸರಿಯ ಆಸ್ಥಾನದಲ್ಲಿ ಕವಿಯೂ ಹೌದು, ಕಲಿಯೂ ಹೌದು. ಅವನ ತಾಯಿ ಅಬ್ಬಣಬ್ಬೆಯ ತವರು ಇದೇ ಅಣ್ಣಿಗೇರಿಯೆಂದು ಅವನ ತಮ್ಮ ಜಿನವಲ್ಲಭನ ಕುರ್ಕ್ಯಾಲ ಶಾಸನ ಹೇಳುತ್ತದೆ. ಯುದ್ಧದ ನೆನಪನ್ನೇ ಅಳಿಸುವುದು ಅಹಿಂಸೆಯಾಗಿದ್ದರೆ ಭರತನ ಚಕ್ರರತ್ನವನ್ನು ಪುರಾಣದಿಂದ ಕಿತ್ತುಹಾಕಬೇಕಾಗಿತ್ತು. ಆಚಾರ್ಯ ಜಿನಸೇನರು ಹಾಗೆ ಮಾಡಲಿಲ್ಲ. ಆಯುಧಾಗಾರದಲ್ಲಿ ಅದು ಹುಟ್ಟಿದ್ದನ್ನು, ಅಣ್ಣನು ಸೋಲಿನ ಕೋಪದಲ್ಲಿ ತಮ್ಮನ ಮೇಲೆ ಅದನ್ನು ಬಿಟ್ಟಿದ್ದನ್ನು, ಅದು ಬಾಹುಬಲಿಯನ್ನು ಬಲವಂದು ನಿಂತದ್ದನ್ನು ಒಂದೂ ಬಿಡದೆ ಹೇಳಿದರು. ಚಕ್ರವನ್ನು ಮರೆತವನಿಗೆ ಬಾಹುಬಲಿಯ ವೈರಾಗ್ಯ ಹೇಗೆ ತಿಳಿದೀತು?

ಇನ್ನೊಂದು ಮಾತನ್ನು ನವಲಗುಂದದ ಎರೆಹೊಲಗಳ ಒಡೆಯರು ಬೇಸರಪಡದೆ ಕೇಳಬೇಕು. ಎಚ್‌ಎಎಲ್ ಕಟ್ಟಿದ ವಿಮಾನಗಳಲ್ಲಿ ಬಸಂತ್ ಎಂಬುದೊಂದಿದೆ. 1972ರಲ್ಲಿ ಮೊದಲು ಹಾರಿದ ಅದು ಬಾಂಬು ಹೊತ್ತದ್ದಲ್ಲ, ಬಂದೂಕು ಹೊತ್ತದ್ದಲ್ಲ. ಬೆಳೆಗಳ ಮೇಲೆ ಕೀಟನಾಶಕ ಸಿಂಪಡಿಸಲೆಂದು ನಿರ್ಮಿಸಿದ ಕೃಷಿ ವಿಮಾನ. ಒಂದೇ ಹಾರಾಟದಲ್ಲಿ ಅದು ಕೊಂದ ಜೀವಿಗಳನ್ನು ಎಣಿಸಲಾದೀತೆ? ಹತ್ತಿಗೂ ಮೆಣಸಿನಕಾಯಿಗೂ ಋತುವಿಡೀ ಔಷಧ ಹೊಡೆಸುವ ಮನೆಯವರು ಯುದ್ಧವಿಮಾನದ ಹೆಸರು ಬಂದಾಗ ಮಾತ್ರ ಕಿವಿ ಮುಚ್ಚಿಕೊಳ್ಳುವುದು ಅಹಿಂಸಾವ್ರತವೆನಿಸದು, ತೋರಿಕೆಯೆನಿಸುತ್ತದೆ.

ಹಾಗೆಂದು ಚಂದಾ ಪಟ್ಟಿಗೆ ಸಹಿ ಮಾಡಬೇಕೆಂದಲ್ಲ. ಕಂಬದ ಮೇಲೆ ವಿಮಾನ ನಿಲ್ಲಿಸುವುದಕ್ಕೂ ವಿಮಾನವನ್ನು ಸಂರಕ್ಷಿಸುವುದಕ್ಕೂ ಬಹಳ ಅಂತರವಿದೆ. ವಿಮಾನದ ಒಡಲು ಅಲ್ಯುಮಿನಿಯಂ ಮಿಶ್ರಲೋಹದ ತೆಳು ತಗಡು. ನಡುನಡುವೆ ಉಕ್ಕಿನ ಬೋಲ್ಟುಗಳು, ಮೆಗ್ನೀಸಿಯಂ ಮಿಶ್ರಲೋಹದ ಭಾಗಗಳು. ಎರಡು ಬಗೆಯ ಲೋಹಗಳು ತೇವದಲ್ಲಿ ಒಂದನ್ನೊಂದು ತಾಗಿ ನಿಂತರೆ ಒಂದು ಇನ್ನೊಂದನ್ನು ತಿನ್ನತೊಡಗುತ್ತದೆ. ಹಾರುವ ಕಾಲದಲ್ಲಿ ನೀರು ಬಸಿದು ಹೋಗಲೆಂದು ಇಟ್ಟ ಸಣ್ಣ ರಂಧ್ರಗಳು, ಮೂಗು ಮೇಲೆತ್ತಿ ಕಂಬಕ್ಕೆ ಕಟ್ಟಿದ ಮೇಲೆ ಕೆಳಭಾಗದಲ್ಲಿ ಉಳಿಯುವುದಿಲ್ಲ. ಮಳೆಯ ನೀರು ಬಾಲದಲ್ಲಿ ನಿಲ್ಲುತ್ತದೆ. ಗಾಳಿಮರೆಯ ಪಾರದರ್ಶಕ ಹೊದಿಕೆ ಬಿಸಿಲಿಗೆ ಮಸುಕಾಗಿ ಬಿರಿಯುತ್ತದೆ. ಪ್ರತಿ ಆಗಸ್ಟ್ 15ಕ್ಕೆ ಮುನ್ನ ಹೊಸ ಬಣ್ಣ ಬಳಿಯುವುದರಿಂದ ಒಳಗಿನ ಕೊಳೆತ ಹೊರಗೆ ಕಾಣಿಸದು, ಅಷ್ಟೆ. ತೆರೆದ ಬಾಯಿಗಳಿಗೆ ಜಾಲರಿ ಹಾಕದಿದ್ದರೆ ಗುಬ್ಬಿ, ಪಾರಿವಾಳಗಳು ಗೂಡು ಕಟ್ಟುತ್ತವೆ. ಮೊಟ್ಟೆಯಿಟ್ಟ ಮೇಲೆ ಬಣ್ಣದವನು ಬಂದು ಗೂಡು ಕಿತ್ತೆಸೆಯುತ್ತಾನೆ. ಆ ಪಾಪದಲ್ಲಿ ಚಂದಾ ಕೊಟ್ಟವರಿಗೂ ಪಾಲಿದೆ.

ಕಲಘಟಗಿಯ ಮೇಲೆ ಹಾದು ಕಾರವಾರಕ್ಕೆ ಹೋಗುವ ಶಾಲಾ ಪ್ರವಾಸದ ಬಸ್ಸುಗಳು ಈಗ ಕಡಲತೀರದಲ್ಲಿ ಐಎನ್‌ಎಸ್ ಚಪಲ್ ಯುದ್ಧನೌಕೆಯ ಬಳಿ ಇರಿಸಿರುವ ಟುಪೊಲೆವ್-142 ವಿಮಾನವನ್ನು ಮಕ್ಕಳಿಗೆ ತೋರಿಸಿ ಬರುತ್ತವೆ. 1988ರಲ್ಲಿ ನೌಕಾಪಡೆ ಸೇರಿ 2017ರಲ್ಲಿ ನಿವೃತ್ತವಾದ ಸಾಗರ ಕಾವಲಿನ ವಿಮಾನವದು. ಅರಕ್ಕೋಣಂನಿಂದ ಬಿಡಿಬಿಡಿಯಾಗಿ ಬಂದು ಮತ್ತೆ ಜೋಡಣೆಗೊಂಡಿತು. ಮಕ್ಕಳು ನೋಡಲಿ, ಸಂತೋಷ. ಆದರೆ ಉಪ್ಪುಗಾಳಿ, ಕರಾವಳಿಯ ಮಳೆ, ಮೇಲೆ ಬಯಲು. ಇಂತಹ ಲೋಹದೊಡಲಿಗೆ ಅದಕ್ಕಿಂತ ಕಠಿಣವಾದ ಜಾಗವಿಲ್ಲ. ಉತ್ಸಾಹದಿಂದ ತರುವ ಖರ್ಚು ಒಮ್ಮೆ. ಕಾಪಾಡುವ ಖರ್ಚು ವರ್ಷವರ್ಷವೂ. ಮುನಿಗಳು ಪಿಂಛಿಯಿಂದ ಪ್ರತಿದಿನವೂ ಮಾಡುವ ಪ್ರತಿಲೇಖನದಂತೆ, ಕುಳಿತ ಜಾಗ, ಇಟ್ಟ ವಸ್ತು, ಎತ್ತಿದ ಪುಸ್ತಕ ಎಲ್ಲವನ್ನೂ ನೋಡಿ ನೋಡಿ ಇಡುವ ಎಚ್ಚರ ಇಲ್ಲಿಯೂ ಬೇಕು.

ಸಂರಕ್ಷಕರು ಮಾಡುವ ಕೆಲಸದ ಕ್ರಮವನ್ನು ತಿಳಿದರೆ ಟ್ರಸ್ಟಿನ ಪದಾಧಿಕಾರಿಗಳಿಗೆ ನಾಚಿಕೆಯಾದೀತು. ಹಳೆಯ ಬಣ್ಣವನ್ನು ಒಮ್ಮೆಗೇ ಕೆರೆಯದೆ ಪದರಪದರವಾಗಿ ನೋಡಿ ದಾಖಲಿಸುತ್ತಾರೆ. ತೆಗೆದ ಪ್ರತಿ ಭಾಗಕ್ಕೂ ಚೀಟಿ ಕಟ್ಟುತ್ತಾರೆ. ಮೂಲದ್ದು ಉಳಿಯುವಂತಿದ್ದರೆ ಹೊಸದನ್ನು ಹಾಕರು. ಹಾಕಲೇಬೇಕಾದರೆ ಹೊಸದೆಂದು ಗುರುತಿಸಿ ಬರೆದಿಡುತ್ತಾರೆ. ಅನೇಕ ಬಸದಿಗಳಲ್ಲಿ ಜೀರ್ಣೋದ್ಧಾರದ ಹೆಸರಿನಲ್ಲಿ ನಡೆಯುತ್ತಿರುವುದೇನು? ಕಲ್ಯಾಣ ಚಾಲುಕ್ಯರ ಕಾಲದ ಕಂಬಕ್ಕೆ ಎಣ್ಣೆಬಣ್ಣ, ನೆಲಕ್ಕೆ ನುಣುಪು ಗ್ರಾನೈಟು, ಅದರಡಿಯಲ್ಲಿ ಹೂತುಹೋದ ಶಾಸನ. ನಿಷಿಧಿಗಲ್ಲು ಹೊರಗೆ ಬಟ್ಟೆ ಒಗೆಯುವ ಕಲ್ಲು. ಒಂದು ಹಳೆಯ ವಿಮಾನದ ಮೊಳೆಗೆ ದೊರೆಯುವ ಗೌರವ ಸಾವಿರ ವರ್ಷದ ಜಿನಾಲಯದ ಹೊಸ್ತಿಲಿಗೆ ದೊರೆಯದಿರುವುದು ಎಂತಹ ವಿಪರ್ಯಾಸ!

ಅಣ್ಣಿಗೇರಿಯವರಿಗೆ ಈ ಪಾಠ ಹೊರಗಿನಿಂದ ಬರಬೇಕಾಗಿಲ್ಲ. 1071-72ರ ಗಾವರವಾಡ ಶಾಸನವನ್ನು ಓದಿದರೆ ಸಾಕು. ಗಂಗ ಪೆರ್ಮಾಡಿ ಅಣ್ಣಿಗೇರಿಯಲ್ಲಿ ಜಿನಾಲಯವನ್ನು ಕಟ್ಟಿಸಿದನು. ಬೆಳ್ವೊಲಕ್ಕೆ ನುಗ್ಗಿದ ಚೋಳನು ಜಿನಾಲಯಗಳನ್ನು ಸುಡಿಸಿದನು. ಮಂಡಲೇಶ್ವರ ಲಕ್ಷ್ಮರಸನು ಅದನ್ನು ಮರಳಿ ನೆಲೆಗೊಳಿಸಿ ದತ್ತಿ ಬಿಟ್ಟನು. ಕಟ್ಟಿದವನಾರು, ಕೆಡಿಸಿದವನಾರು, ಉದ್ಧರಿಸಿದವನಾರು, ಮೂರನ್ನೂ ಕಲ್ಲಿನಲ್ಲಿ ಬರೆಸಿದ ಹಿರಿಯರು ಸುಟ್ಟದ್ದನ್ನು ಮುಚ್ಚಿಡಲಿಲ್ಲ. ಹಳೆಯ ವಿಮಾನದ ಪಕ್ಕದ ಫಲಕದಲ್ಲಿಯೂ ಇಷ್ಟು ಪ್ರಾಮಾಣಿಕತೆ ಇರಬೇಕು. ವೇಗ, ಎತ್ತರ, ಇಂಜಿನಿನ ಶಕ್ತಿಗಳ ಪಟ್ಟಿಯ ಜೊತೆಗೆ ಅದು ಯಾವ ಯುದ್ಧದಲ್ಲಿ ಏನನ್ನು ನಾಶಮಾಡಿತು, ಅಪಘಾತಗಳಲ್ಲಿ ಎಷ್ಟು ತರುಣ ವೈಮಾನಿಕರು ಪ್ರಾಣ ತೆತ್ತರು ಎಂಬುದೂ ಇರಲಿ. ಮಿಗ್-21ರ ವಿಷಯದಲ್ಲಿ ಎರಡನೆಯ ಮಾತು ಬಹು ದುಃಖದ್ದು. ಅದನ್ನು ಬಿಟ್ಟು ಬರೆದ ಫಲಕ ಮಕ್ಕಳಿಗೆ ಯುದ್ಧವನ್ನು ಆಟಿಕೆಯೆಂದು ಕಲಿಸುತ್ತದೆ. ಅಂತಹ ಫಲಕದ ಕೆಳಗೆ ಬಸದಿಯ ಹೆಸರು ಇರಕೂಡದು.

ಟ್ರಸ್ಟುಗಳಲ್ಲಿ ಹಣವಿಲ್ಲವೆಂಬ ಮಾತು ಪ್ರತಿಷ್ಠಾ ಮಹೋತ್ಸವಗಳ ಸವಾಲುಗಳನ್ನು ಕೇಳಿದವರ ಮುಂದೆ ನಿಲ್ಲದು. ಐರ್ಲೆಂಡಿನಲ್ಲಿ ಗುಜರಿಗೆ ಬಿದ್ದಿದ್ದ ಡಕೋಟಾ ವಿಮಾನವೊಂದನ್ನು 2011ರಲ್ಲಿ ಕೊಂಡು, ಬ್ರಿಟನ್ನಿನಲ್ಲಿ ಸರಿಪಡಿಸಿ, 2018ರಲ್ಲಿ ಅದು ತಾನೇ ಹಾರಿ ಭಾರತಕ್ಕೆ ಬರುವಂತೆ ಮಾಡಿದ್ದು ಆಗ ಕರ್ನಾಟಕದ ರಾಜ್ಯಸಭಾ ಸದಸ್ಯರಾಗಿದ್ದ ರಾಜೀವ್ ಚಂದ್ರಶೇಖರ್ ಅವರ ಸ್ವಂತ ಖರ್ಚಿನ ಕೊಡುಗೆ. ವೈಮಾನಿಕನಾಗಿ ಡಕೋಟಾ ನಡೆಸಿದ್ದ ತಂದೆಯ ಮೇಲಿನ ಗೌರವ ಅದಕ್ಕೆ ಕಾರಣ. ಹಳ್ಳಿಯ ಟ್ರಸ್ಟಿನಿಂದ ಅಷ್ಟನ್ನು ಯಾರೂ ಕೇಳುತ್ತಿಲ್ಲ. ಪಾಠಶಾಲೆಯ ಮಕ್ಕಳನ್ನು ವರ್ಷಕ್ಕೊಮ್ಮೆ ಬೆಂಗಳೂರಿನ ಎಚ್‌ಎಎಲ್ ವಸ್ತುಸಂಗ್ರಹಾಲಯಕ್ಕೆ ಕಳುಹಿಸಬಹುದು. 2001ರಲ್ಲಿ ತೆರೆದ ಅಲ್ಲಿ ವಾಲಚಂದರಿಂದ ಮೊದಲಾದ ಕಥೆ ಕಣ್ಣೆದುರಿಗಿದೆ. ಐಟಿಐ ಓದುವ ಬಡ ಹುಡುಗರಿಗೆ ತಗಡಿನ ಕೆಲಸ, ಲೋಹರಕ್ಷಣೆಯ ತರಬೇತಿಗೆ ವಿದ್ಯಾರ್ಥಿವೇತನ ಕೊಡಬಹುದು. ಬಸದಿಯ ಪಂಚಲೋಹದ ಬಿಂಬಗಳಿಗೂ ಮುಂದೆ ಅವರ ಕೈ ಬೇಕಾದೀತು. ಎಚ್‌ಎಎಲ್‌ನಲ್ಲಿ ದುಡಿದು ಊರಿಗೆ ಮರಳಿದ ಹಿರಿಯರ ಪೆಟ್ಟಿಗೆಗಳಲ್ಲಿ ಇರುವ ಚಿತ್ರ, ಟಿಪ್ಪಣಿ, ಗುರುತುಚೀಟಿಗಳನ್ನು ರದ್ದಿಗೆ ಹಾಕದೆ ತಂದು ಪಟ್ಟಿ ಮಾಡಬಹುದು. ಮೂಡುಬಿದಿರೆಯಲ್ಲಿ ಧವಲಾ ಗ್ರಂಥದ ಓಲೆಗಳನ್ನು ಶತಮಾನಗಳ ಕಾಲ ಕಾಯ್ದ ಸಮಾಜಕ್ಕೆ ಇದು ಹೊಸ ವಿದ್ಯೆಯಲ್ಲ.

ಚಂದಾ ಪಟ್ಟಿ ಬಂದ ದಿನ ಟ್ರಸ್ಟಿನವರು ಕೇಳಬೇಕಾದ ಪ್ರಶ್ನೆಗಳು ಕೆಲವೇ. ಮೇಲೆ ಸೂರು ಉಂಟೆ? ಹತ್ತನೆಯ ವರ್ಷದ ಖರ್ಚು ಯಾರದು? ಹಕ್ಕಿಗಳು ಗೂಡು ಕಟ್ಟುವ ಮೊದಲೇ ಜಾಲರಿ ಹಾಕುವಿರಾ? ಫಲಕದ ಬರಹವನ್ನು ಮೊದಲು ತೋರಿಸುವಿರಾ? ಇವಕ್ಕೆ ಲಿಖಿತ ಉತ್ತರ ಬರುವವರೆಗೆ ರಸೀದಿ ಪುಸ್ತಕ ಪೆಟ್ಟಿಗೆಯಲ್ಲಿಯೇ ಇರಲಿ.